ನೂರಕ್ಕೆ ನೂರು, ಎಷ್ಟು ಮಕ್ಕಳಲ್ಲಿ?

2025ರ ತೆಲಂಗಾಣದ ಎಸ್‌ಎಸ್‌ಸಿ ಫಲಿತಾಂಶ ಏಪ್ರಿಲ್ 30ಕ್ಕೆ ಬಂತು. ಎರಡೇ ದಿನ ಬಿಟ್ಟು, ಮೇ 2ಕ್ಕೆ, ನಮ್ಮ ಕಡೆಯ ಎಸ್‌ಎಸ್‌ಎಲ್‌ಸಿ. ಹೈದರಾಬಾದಿನ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಮಂಗಳೂರಿನವರು ದಕ್ಷಿಣ ಕನ್ನಡ ಮೊದಲ ಸ್ಥಾನಕ್ಕೆ ಬಂದದ್ದಕ್ಕೆ ಲಡ್ಡುವಿನ ಚಿತ್ರ ಹಾಕಿದರು. ಹಿಂದಿನ ವರ್ಷ ಮೊದಲಿದ್ದ ಉಡುಪಿಯವರು ಒಂದು ಮೆಟ್ಟಿಲು ಇಳಿದದ್ದಕ್ಕೆ ಕಾರಣ ಹುಡುಕಿದರು. ಕಲಬುರಗಿಯವರು ಮಾತ್ರ ಗುಂಪಿನಲ್ಲಿ ಇದ್ದೂ ಇಲ್ಲದಂತಿದ್ದರು. ದಕ್ಷಿಣ ಕನ್ನಡಕ್ಕೆ ಶೇ. 91.12, ಕಲಬುರಗಿಗೆ ಶೇ. 42.43. ರಾಜ್ಯದಲ್ಲಿ ಕೊನೆ.

ಇತ್ತ ತೆಲಂಗಾಣದ ಪಟ್ಟಿಯಲ್ಲಿ ಮಹಬೂಬಾಬಾದ್ ಶೇ. 99.29ರೊಂದಿಗೆ ಮೊದಲು, ವಿಕಾರಾಬಾದ್ ಶೇ. 73.97ರೊಂದಿಗೆ ಕೊನೆ. ವಿಕಾರಾಬಾದಿಗೆ ಇದು ಹೊಸದಲ್ಲ, 2023ರಲ್ಲೂ 2024ರಲ್ಲೂ ಕೊನೆಯ ಹೆಸರು ಅದೇ. ಆ ಎರಡು ವರ್ಷ ಕರ್ನಾಟಕದಲ್ಲಿ ಕೊನೆಗಿದ್ದದ್ದು ಯಾದಗಿರಿ.

ಈ ಮೂರು ಹೆಸರುಗಳನ್ನು ಒಮ್ಮೆ ನಕ್ಷೆಯ ಮೇಲೆ ಹುಡುಕಿ ನೋಡಿ. ವಿಕಾರಾಬಾದ್ ಜಿಲ್ಲೆ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಕಲಬುರಗಿ ಶುರು. ಯಾದಗಿರಿಯಂತೂ 2009ರ ಕೊನೆಯವರೆಗೆ ಗುಲ್ಬರ್ಗ ಜಿಲ್ಲೆಯದೇ ಭಾಗ. ಇನ್ನೂ ಹಿಂದೆ ಹೋದರೆ, ಈಗ ವಿಕಾರಾಬಾದ್ ಜಿಲ್ಲೆಯಲ್ಲಿರುವ ತಾಂಡೂರು ಮತ್ತು ಕೊಡಂಗಲ್ ಕೂಡ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗ ಜಿಲ್ಲೆಯ ತಾಲ್ಲೂಕುಗಳೇ. 1956ರ ನವೆಂಬರ್ 1ರಂದು ಗುಲ್ಬರ್ಗ ಮೈಸೂರು ರಾಜ್ಯಕ್ಕೆ ಬಂದಾಗ ಈ ಎರಡು ತಾಲ್ಲೂಕುಗಳನ್ನು ಬಿಡಿಸಿ ಆಂಧ್ರಕ್ಕೆ ಕೊಟ್ಟರು. ವಿಕಾರಾಬಾದ್ ಜಿಲ್ಲೆ ಪೂರ್ತಿ ಹಳೆಯ ಗುಲ್ಬರ್ಗ ಅಲ್ಲ, ನಿಜ. ಆದರೂ ಎರಡು ರಾಜ್ಯ, ಎರಡು ಪರೀಕ್ಷಾ ಮಂಡಳಿ, ಎರಡು ಭಾಷೆಯ ಪ್ರಶ್ನೆಪತ್ರಿಕೆ, ಕೊನೆಯ ಬೆಂಚು ಮಾತ್ರ ಹೆಚ್ಚುಕಡಿಮೆ ಒಂದೇ.

ಆ ಸೀಮೆಯನ್ನು ರೈಲಿನ ಕಿಟಕಿಯಿಂದ ನೋಡಿದವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಹೈದರಾಬಾದಿನಿಂದ ವಾಡಿಯ ಕಡೆ ಹೊರಟರೆ ಲಿಂಗಂಪಲ್ಲಿ, ವಿಕಾರಾಬಾದ್, ತಾಂಡೂರು, ಸೇಡಂ, ಚಿತ್ತಾಪುರ. ನೆಲದ ಮೇಲೆ ತೊಗರಿ, ನೆಲದ ಕೆಳಗೆ ಕಲ್ಲು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿತು, ತಾಂಡೂರಿನ ತೊಗರಿಗೆ 2022ರಲ್ಲಿ. ನಮ್ಮ ಕಡೆ ಶಹಾಬಾದ್ ಕಲ್ಲು ಎನ್ನುವಂಥದ್ದನ್ನೇ ಇಲ್ಲಿ ತಾಂಡೂರು ಕಲ್ಲು ಎಂದು ಮಾರುತ್ತಾರೆ. ಮಳೆ ನಂಬಿದ ಒಂದೇ ಬೆಳೆ. ರಾಶಿ ಮುಗಿದ ಮೇಲೆ ಕೈಗೆ ಕೆಲಸವಿಲ್ಲ. ಗಂಟುಮೂಟೆ ಕಟ್ಟಿ ರೈಲು ಹತ್ತಿದರೆ ಒಂದು ದಿಕ್ಕಿಗೆ ಪುಣೆ, ಮುಂಬಯಿ, ಇನ್ನೊಂದು ದಿಕ್ಕಿಗೆ ಹೈದರಾಬಾದ್. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಬೆಂಚಿನ ಮೇಲೆ ಮಗು ಇರುವುದಿಲ್ಲ. (ಇದೇ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕೂತು ನೃಪತುಂಗ ರಾಜ್ಯ ಆಳಿದ್ದು, ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ರಾಜ್ಯೋತ್ಸವದ ಭಾಷಣಗಳಲ್ಲಿ ಮಳಖೇಡ ತಪ್ಪದೆ ಬರುತ್ತದೆ, ಅಲ್ಲಿನ ಹೈಸ್ಕೂಲು ಬರುವುದಿಲ್ಲ.)

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ವಿಕಾರಾಬಾದಿನ 73.97 ಮತ್ತು ಕಲಬುರಗಿಯ 42.43 ಎರಡನ್ನೂ ಪಕ್ಕಪಕ್ಕ ಇಟ್ಟು ‘ನೋಡಿ, ತೆಲಂಗಾಣದ ಕೊನೆಯವರೇ ನಮ್ಮವರಿಗಿಂತ ವಾಸಿ’ ಎಂದು ನಮ್ಮ ಗುಂಪಿನಲ್ಲಿ ಯಾರೋ ಬರೆದರು. ಹಾಗೆ ಹೋಲಿಸಲು ಬರುವುದಿಲ್ಲ. ತೆಲಂಗಾಣದಲ್ಲಿ ಇಡೀ ರಾಜ್ಯದ ಸರಾಸರಿಯೇ 92.78. ಅಲ್ಲಿನ ಪರೀಕ್ಷೆ ಬೇರೆ, ಮೌಲ್ಯಮಾಪನ ಬೇರೆ, ಕಾವಲು ಬೇರೆ.

ಕಾವಲು ಎಷ್ಟು ಮುಖ್ಯ ಎಂಬುದಕ್ಕೆ ಚಿತ್ರದುರ್ಗವನ್ನೇ ನೋಡಿ. 2023ರಲ್ಲಿ ಶೇ. 96.8 ಪಡೆದು ರಾಜ್ಯಕ್ಕೇ ಮೊದಲು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು, ಚಿತ್ರದುರ್ಗ ಶೇ. 72.85ಕ್ಕೆ ಇಳಿದು 21ನೇ ಸ್ಥಾನಕ್ಕೆ ಹೋಯಿತು. ರಾಜ್ಯದ ಸರಾಸರಿ 83.89ರಿಂದ 73.40ಕ್ಕೆ ಬಂತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದು ವರ್ಷದಲ್ಲಿ ಇಡೀ ಜಿಲ್ಲೆಯ ಮೇಷ್ಟ್ರುಗಳು ಪಾಠ ಮರೆಯಲಿಲ್ಲ, ಮಕ್ಕಳು ದಡ್ಡರಾಗಲಿಲ್ಲ. ಬದಲಾದದ್ದು ಅಳತೆಗೋಲು. ನಾವು ಆಫೀಸಿನಲ್ಲಿ ಟೆಸ್ಟಿಂಗ್ ಎನ್ವಿರಾನ್‌ಮೆಂಟ್ ಬದಲಾಯಿಸಿ ಹಳೆಯ ರಿಪೋರ್ಟಿನ ಪಕ್ಕ ಹೊಸ ರಿಪೋರ್ಟು ಇಟ್ಟರೆ ಮ್ಯಾನೇಜರ್ ಬಿಡುತ್ತಾರೆಯೇ? ಜಿಲ್ಲಾ ಪಟ್ಟಿಗೆ ಬಂದಾಗ ಮಾತ್ರ ನಮಗೆ ಆ ಬುದ್ಧಿ ಕೈಕೊಡುತ್ತದೆ.

ನಾನು ಇದನ್ನೆಲ್ಲ ಕೂತು ಲೆಕ್ಕ ಹಾಕಲು ಕಾರಣ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್. ಸೇಡಂ ಕಡೆಯವರು, ಹೆಂಡತಿ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಮಗಳು ಇದುವರೆಗೆ ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದಳು. ಅಜ್ಜಿಗೆ ಕಣ್ಣು ಕಾಣದಾಗಿದೆ. ಮೇ ತಿಂಗಳ ಒಂದು ಸಂಜೆ ಲಿಫ್ಟಿನ ಹತ್ತಿರ ನಿಲ್ಲಿಸಿ ಕೇಳಿದರು: “ಸರ್, ಮಗಳು ಊರಾಗ ಏಳನೇದು ಮುಗಿಸ್ಯಾಳ್ರಿ. ಇಲ್ಲಿಗೇ ಕರ್ಕೊಂಡ್ ಬರ್ಲತ್ತೀವಿ. ಯಾವ ಸಾಲಿ ಛಲೋ ಅದ, ಫೋನಿನಾಗ ನೋಡಿ ಹೇಳ್ರಿ.”

ಅಪಾರ್ಟ್‌ಮೆಂಟಿನ ಒಳಗಿನ ನಾವು ಶಾಲೆ ಆರಿಸುವಾಗ ಈಜುಕೊಳ ಇದೆಯೇ, ಸಿಬಿಎಸ್‌ಇಯೋ ಐಬಿಯೋ ಎಂದು ಕೇಳುತ್ತೇವೆ. (ಈ ಊರಿನಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದು ಬೋರ್ಡು ಇದ್ದರೆ ಅದು ಸಾರ್ವಜನಿಕರಿಗಲ್ಲ ಎಂದೇ ಅರ್ಥ. ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲ್ 1923ರಲ್ಲಿ ಹುಟ್ಟಿದ್ದೇ ಜಾಗೀರುದಾರರ ಮಕ್ಕಳಿಗಾಗಿ.) ಅವರ ಪ್ರಶ್ನೆ ಹಾಗಲ್ಲ. ನಡೆದು ಹೋಗುವಷ್ಟು ದೂರದಲ್ಲಿ ಇರುವ ಸರ್ಕಾರಿ ಹೈಸ್ಕೂಲುಗಳಲ್ಲಿ ಯಾವುದು ಮಗಳನ್ನು ಹತ್ತನೇ ತರಗತಿ ದಾಟಿಸುತ್ತದೆ?

ಜಿಲ್ಲಾ ಪಟ್ಟಿ ಇದಕ್ಕೆ ಏನೂ ಉಪಯೋಗವಿಲ್ಲ. ಮೊದಲನೆಯದಾಗಿ, ನಾವು ಹೈದರಾಬಾದ್ ಎಂದು ಕರೆಯುವ ಊರು ಹೈದರಾಬಾದ್ ಜಿಲ್ಲೆಯಲ್ಲಿ ಇಲ್ಲ. ಗಚ್ಚಿಬೌಲಿ, ಕೊಂಡಾಪುರ ರಂಗಾರೆಡ್ಡಿ ಜಿಲ್ಲೆ, ಕೂಕಟಪಲ್ಲಿ ಮೇಡ್ಚಲ್-ಮಲ್ಕಾಜಗಿರಿ. 2022ರಲ್ಲಿ ಸಿದ್ದಿಪೇಟೆ ಶೇ. 97.85ರೊಂದಿಗೆ ಮೊದಲು, ಹೈದರಾಬಾದ್ ಜಿಲ್ಲೆ ಶೇ. 79.63ರೊಂದಿಗೆ ಕೊನೆ ಎಂದಾಗ ನಮ್ಮ ಐಟಿ ಗೆಳೆಯರು ಗಾಬರಿಯಾಗಿದ್ದರು. ಆ ಲೆಕ್ಕ ಚಾರ್‌ಮಿನಾರ್, ನಾಂಪಲ್ಲಿ, ಸಿಕಂದರಾಬಾದ್ ಕಡೆಯ ಶಾಲೆಗಳದ್ದು, ಇವರ ಬಡಾವಣೆಯ ಶಾಲೆಗಳು ಅದರಲ್ಲಿ ಸೇರಿಯೇ ಇರಲಿಲ್ಲ. ನಮ್ಮ ಸುತ್ತಲಿನ ಸರ್ಕಾರಿ ಹೈಸ್ಕೂಲುಗಳ ಬೋರ್ಡಿನ ಮೇಲೆ ಇವತ್ತಿಗೂ ‘ಜಿಲ್ಲಾ ಪರಿಷತ್’ ಎಂದೇ ಇದೆ. ಗಾಜಿನ ಕಟ್ಟಡಗಳ ಮಧ್ಯೆ ಹಳ್ಳಿಯ ಹೆಸರಿನ ಶಾಲೆ. ಊರು ನಗರವಾಯಿತು, ಶಾಲೆಯ ಹೆಸರು ಹಳ್ಳಿಯಲ್ಲೇ ಉಳಿಯಿತು.

ಎರಡನೆಯದಾಗಿ, ಸರ್ಕಾರಿ ಎನ್ನುವುದರ ಒಳಗೇ ಹಲವು ಜಾತಿ ಇವೆ. ತೆಲಂಗಾಣದಲ್ಲಿ ವಸತಿ ಗುರುಕುಲಗಳ ಫಲಿತಾಂಶ ಶೇ. 98 ದಾಟುತ್ತದೆ, ಸಾಮಾನ್ಯ ಸರ್ಕಾರಿ ಹೈಸ್ಕೂಲುಗಳದ್ದು ರಾಜ್ಯದ ಸರಾಸರಿಗಿಂತ ಕೆಳಗೇ ಇರುತ್ತದೆ. ಗುರುಕುಲಗಳು ಒಳ್ಳೆಯ ಕೆಲಸ ಮಾಡಿವೆ, ಅನುಮಾನವಿಲ್ಲ. ಆದರೆ ಅಲ್ಲಿಗೆ ಐದನೇ ತರಗತಿಗೇ ಪ್ರವೇಶ ಪರೀಕ್ಷೆ ಇದೆ, ಮಗು ಅಲ್ಲೇ ಉಳಿದು ಅಲ್ಲೇ ಊಟ ಮಾಡುತ್ತದೆ, ಸಂಜೆ ತಮ್ಮನನ್ನು ನೋಡಿಕೊಳ್ಳುವ ಕೆಲಸ ಇಲ್ಲ. ಬೀದಿ ಬದಿಯ ಹೈಸ್ಕೂಲು ಗೇಟಿಗೆ ಬಂದ ಯಾರನ್ನೂ ಆರಿಸುವಂತಿಲ್ಲ. ಆರಿಸಿಕೊಂಡವರ ಫಲಿತಾಂಶವನ್ನೂ ಆರಿಸದವರ ಫಲಿತಾಂಶವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ.

ಹಾಗಾದರೆ ಪಕ್ಕಪಕ್ಕದ ಎರಡು ಹೈಸ್ಕೂಲುಗಳನ್ನು ಹೋಲಿಸುವುದು ಹೇಗೆ? ಒಂದರ ಗೇಟಿನ ಮೇಲೆ ಫ್ಲೆಕ್ಸ್ ಇತ್ತು, ಈ ವರ್ಷ ನೂರಕ್ಕೆ ನೂರು ಎಂದು. ಇನ್ನೊಂದರ ಮೇಲೆ ಏನೂ ಇರಲಿಲ್ಲ. ವಾಚ್‌ಮನ್ ಆಗಲೇ ಮನಸ್ಸಿನಲ್ಲಿ ಫ್ಲೆಕ್ಸ್ ಇದ್ದದ್ದನ್ನು ಆರಿಸಿದ್ದರು. ಯಾರಾದರೂ ಅದನ್ನೇ ಆರಿಸುತ್ತಾರೆ.

ದೇಶದ ಪ್ರತಿ ಶಾಲೆಗೂ ಯುಡೈಸ್ ಎಂಬ 11 ಅಂಕಿಯ ಸಂಖ್ಯೆ ಇದೆ. ಕೇಂದ್ರ ಶಿಕ್ಷಣ ಇಲಾಖೆಯ ತಾಣದಲ್ಲಿ ಅದನ್ನು ಹಾಕಿದರೆ ಶಾಲೆಯ ರಿಪೋರ್ಟ್ ಕಾರ್ಡ್ ಬರುತ್ತದೆ. ಲಾಗಿನ್ ಬೇಡ, ದುಡ್ಡು ಬೇಡ. ಯಾವ ತರಗತಿಯಲ್ಲಿ ಎಷ್ಟು ಹುಡುಗರು, ಎಷ್ಟು ಹುಡುಗಿಯರು, ಶಿಕ್ಷಕರು ಎಷ್ಟು, ಕೊಠಡಿ ಎಷ್ಟು, ಹುಡುಗಿಯರಿಗೆ ಶೌಚಾಲಯ ಎಷ್ಟು ಎಂದೆಲ್ಲ ಇರುತ್ತದೆ. ಹಿಂದಿನ ವರ್ಷಗಳದ್ದೂ ಸಿಗುತ್ತದೆ. ನಮ್ಮ ಕಾಲಂ ಓದುವವರು ಈ ತಿಂಗಳು ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ ಎಂದು ಹೇಳುತ್ತೇನೆ. ನಿಮ್ಮ ಮಗುವಿಗೆ ಬೇಡವಾಗಿರಬಹುದು, ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ಮಗುವಿಗೆ ಬೇಕಾಗಿರುತ್ತದೆ.

ಅದನ್ನು ಓದುವ ಕ್ರಮ ಹೀಗೆ. ಒಂದು ಶಾಲೆಯಲ್ಲಿ ಎಂಟನೇ ತರಗತಿಯಲ್ಲಿ 60 ಮಕ್ಕಳಿದ್ದರು ಎಂದುಕೊಳ್ಳಿ. ಎರಡು ವರ್ಷ ಬಿಟ್ಟು ಅದೇ ಗುಂಪು ಹತ್ತಕ್ಕೆ ಬಂದಾಗ 40 ಮಂದಿ ಉಳಿದಿದ್ದಾರೆ, 40 ಮಂದಿಯೂ ಪಾಸು. ಫ್ಲೆಕ್ಸಿನ ಮೇಲೆ ನೂರು. ಪಕ್ಕದ ಶಾಲೆಯಲ್ಲಿ ಎಂಟರಲ್ಲಿ 60, ಹತ್ತರಲ್ಲಿ 66, ಪಾಸಾದವರು 56. ಶೇ. 85 ಆಯಿತು. ಪಟ್ಟಿಯಲ್ಲಿ ಎರಡನೆಯ ಶಾಲೆ ಎಲ್ಲೋ ಕೆಳಗೆ. ಆದರೆ ಎಂಟಕ್ಕೆ ಸೇರುವ ಹುಡುಗಿಯ ಅಪ್ಪನಿಗೆ ಬೇಕಾದದ್ದು ಯಾವ ಸಂಖ್ಯೆ? ಮೊದಲನೆಯದರಲ್ಲಿ ಕಾಣೆಯಾದ ಆ 20 ಮಂದಿಯಲ್ಲಿ ತನ್ನ ಮಗಳು ಇರಬಹುದೇ ಎಂಬುದು.

ಇದು ಉದಾಹರಣೆಗೆ ಹಾಕಿದ ಲೆಕ್ಕ. ನಾನು ನೋಡಿದ ಎರಡು ಶಾಲೆಗಳ ಸಂಖ್ಯೆ ಬೇರೆ, ಆಕಾರ ಮಾತ್ರ ಇದೇ. ಫ್ಲೆಕ್ಸ್ ಶಾಲೆಯಲ್ಲಿ ಒಂಬತ್ತರಿಂದ ಹತ್ತಕ್ಕೆ ಬರುವಾಗ ಮಕ್ಕಳು ಕರಗುತ್ತಿದ್ದರು. ಫ್ಲೆಕ್ಸ್ ಇಲ್ಲದ ಶಾಲೆಯಲ್ಲಿ ಏರುತ್ತಿದ್ದರು. ಕರಗುವುದು ಹೇಗೆ ಎಂದು ಗೊತ್ತು. ‘ಇವನಿಗೆ ಕಷ್ಟ, ಓಪನ್ ಸ್ಕೂಲಿನಲ್ಲಿ ಕಟ್ಟಿಸಿ’ ಎಂದು ಒಂಬತ್ತನೆಯ ತರಗತಿಯ ಕೊನೆಗೆ ಟಿ.ಸಿ. ಕೈಗೆ ಕೊಡುವುದು ಖಾಸಗಿ ಶಾಲೆಗಳ ಹಳೆಯ ವಿದ್ಯೆ, ಈಗ ಸರ್ಕಾರಿ ಶಾಲೆಗಳಿಗೂ ಅಂಟಿದೆ. ಜಿಲ್ಲೆಯ ಸ್ಥಾನ ಕುಸಿದರೆ ಕಲೆಕ್ಟರ್ ಸಭೆಯಲ್ಲಿ ನಿಲ್ಲಬೇಕಾದವರು ಮುಖ್ಯೋಪಾಧ್ಯಾಯರು. ಏರುವುದು ಹೇಗೆ? ಫೀ ಕಟ್ಟಲಾಗದೆ ಅಥವಾ ಹೀಗೆ ಹೊರಗೆ ಹಾಕಿಸಿಕೊಂಡು ಬಂದ ಮಕ್ಕಳು ಎಲ್ಲೋ ಸೇರಲೇಬೇಕಲ್ಲ. ಅವರನ್ನು ತೆಗೆದುಕೊಳ್ಳುವ ಶಾಲೆಯ ಶೇಕಡಾ ಇಳಿಯುತ್ತದೆ, ಬಿಟ್ಟುಕೊಟ್ಟ ಶಾಲೆಯದ್ದು ಏರುತ್ತದೆ.

ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ 1992ರಿಂದ ಶಾಲೆಗಳ ಪಟ್ಟಿ ಪ್ರಕಟವಾಗುತ್ತಿದೆ. ಬರಿಯ ಪಾಸು ಲೆಕ್ಕದಿಂದ ಸತ್ಯ ತಿಳಿಯುವುದಿಲ್ಲವೆಂದು 2016ರಲ್ಲಿ ಅಳತೆಯನ್ನೇ ಬದಲಿಸಿದರು. 11 ವರ್ಷದ ಮಗು ಎಲ್ಲಿತ್ತು, 16ಕ್ಕೆ ಎಲ್ಲಿ ಬಂತು ಎಂದು ನೋಡುವುದು. ಅಲ್ಲೂ ಪರೀಕ್ಷೆಗೆ ಮುಂಚೆ ಮಕ್ಕಳ ಹೆಸರು ತೆಗೆಯುವ ಚಾಳಿ ಇದೆ, ಅವರ ಶಾಲಾ ತನಿಖಾ ಸಂಸ್ಥೆ ಅದಕ್ಕೆ ‘ಆಫ್-ರೋಲಿಂಗ್’ ಎಂದು ಹೆಸರಿಟ್ಟು ತನಿಖೆಯಲ್ಲಿ ಕೇಳುತ್ತದೆ. ನಮ್ಮಲ್ಲಿ ಹೆಸರಿಲ್ಲ, ಹಾಗಾಗಿ ಯಾರೂ ಕೇಳುವುದೂ ಇಲ್ಲ.

ರಿಪೋರ್ಟ್ ಕಾರ್ಡಿನಲ್ಲಿ ಸಿಗದ ಒಂದು ಸಂಗತಿಗೆ ಶಾಲೆಗೇ ಹೋಗಬೇಕು. ಗಣಿತಕ್ಕೆ, ಭೌತಶಾಸ್ತ್ರಕ್ಕೆ ಕಾಯಂ ಮೇಷ್ಟ್ರು ಇದ್ದಾರೆಯೇ? ತೆಲಂಗಾಣದಲ್ಲಿ 2017ರ ನೇಮಕಾತಿ ಆದ ಮೇಲೆ ಮುಂದಿನ ದೊಡ್ಡ ನೇಮಕಾತಿ ಬಂದದ್ದು 2024ರಲ್ಲಿ. 11,062 ಹುದ್ದೆಗೆ ಡಿಎಸ್‌ಸಿ ಕರೆದು, ಆ ಅಕ್ಟೋಬರಿನಲ್ಲಿ ಹತ್ತು ಸಾವಿರ ಮಂದಿಗೆ ಆದೇಶ ಕೊಟ್ಟರು. ನಡುವಿನ ಆರೇಳು ವರ್ಷ ಎಷ್ಟೋ ಶಾಲೆಗಳು ಗಣಿತವನ್ನು ಯಾರು ಬಿಡುವಾಗಿದ್ದರೋ ಅವರಿಂದ ನಡೆಸಿವೆ. ಒಂದು ಶಾಲೆಯ ಶೇಕಡಾ ಯಾಕೆ ಬಿತ್ತು ಎಂದು ಕೇಳಿದರೆ ಬಹಳ ಸಲ ಉತ್ತರ ಇಷ್ಟೇ ಸರಳ. ಕಲಬುರಗಿಯಲ್ಲೂ ಇದೇ ಕಥೆ, ಅಲ್ಲಿ ‘ಅತಿಥಿ ಶಿಕ್ಷಕ’ ಎಂಬ ಹೆಸರು ಮಾತ್ರ ಚೆನ್ನಾಗಿದೆ. ಅತಿಥಿಯೇ ಮನೆ ನಡೆಸುತ್ತಾರೆ. 371(ಜೆ) ಬಂದು ಹನ್ನೆರಡು ವರ್ಷವಾಯಿತು.

ಒಂದು ಶನಿವಾರ ವಾಚ್‌ಮನ್ ಮತ್ತು ನಾನು ಎರಡೂ ಕಡೆ ಹೋದೆವು. ರಜೆಯ ದಿನಗಳಾದರೂ ಕಚೇರಿ ತೆರೆದಿತ್ತು. ಫ್ಲೆಕ್ಸ್ ಶಾಲೆಯಲ್ಲಿ ಮರ್ಯಾದೆಯಿಂದ ಕೂರಿಸಿದರು. ಮಗು ಕನ್ನಡ ಮೀಡಿಯಂ ಎಂದು ತಿಳಿದ ಕೂಡಲೇ ಮಾತಿನ ದಾರಿ ಬದಲಾಯಿತು. ಬೇಡ ಎಂದು ಯಾರೂ ಅನ್ನಲಿಲ್ಲ. ಎಂಟನೇ ತರಗತಿಯವರೆಗೆ ಹಾಗೆ ಅನ್ನಲು ಶಿಕ್ಷಣ ಹಕ್ಕು ಕಾಯ್ದೆ ಬಿಡುವುದೂ ಇಲ್ಲ. “ನಿಮ್ಮ ಹುಡುಗಿಗೇ ಕಷ್ಟ. 2018ರಿಂದ ತೆಲುಗು ಕಡ್ಡಾಯ. ಇಲ್ಲಿ ಸೇರಿಸಿ ಆಮೇಲೆ ನೊಂದುಕೊಳ್ಳುವುದಕ್ಕಿಂತ ಊರಲ್ಲೇ ಹಾಸ್ಟೆಲ್ ನೋಡಿ” ಎಂದರು. ಹೇಳಿದ ಧಾಟಿಯಲ್ಲಿ ಕಾಳಜಿಯೂ ಇತ್ತು, ಅದು ಸುಳ್ಳಲ್ಲ. ವಾಚ್‌ಮನ್ ತಲೆ ಅಲ್ಲಾಡಿಸಿ “ಹೌದ್ರಿ, ಹೌದ್ರಿ” ಎನ್ನುತ್ತ ಹಿಂದೆ ಹಿಂದೆ ಸರಿದು ಬಾಗಿಲಿಗೆ ಬಂದುಬಿಟ್ಟಿದ್ದರು. ನೂರಕ್ಕೆ ನೂರು ಎಂಬ ಫಲಿತಾಂಶ ಹೇಗೆ ತಯಾರಾಗುತ್ತದೆ ಎಂದು ನಾನು ಅಷ್ಟು ಹತ್ತಿರದಿಂದ ಹಿಂದೆ ಕಂಡಿರಲಿಲ್ಲ.

ಎರಡನೆಯ ಶಾಲೆಯ ಮುಖ್ಯೋಪಾಧ್ಯಾಯಿನಿ ತಾಂಡೂರಿನವರು. ಕನ್ನಡ ಮಾತಾಡಲು ಬರದಿದ್ದರೂ ಪೂರ್ತಿ ತಿಳಿಯುತ್ತದೆ. ನಾನು ಶೇಕಡಾ ಕೇಳಿದೆ, ಹೇಳಿದರು. ಯಾಕೆ ಕಮ್ಮಿ ಎಂದು ಕೇಳಿದೆ. ಪಟ್ಟಿ ತೆಗೆದು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟರು. ಇವನು ಫೆಬ್ರವರಿಯಲ್ಲಿ ಅಪ್ಪನ ಜೊತೆ ಬೇರೆ ಸೈಟಿಗೆ ಹೋದ, ಪರೀಕ್ಷೆಗೆ ಮಾತ್ರ ಬಂದ. ಇವಳು ಒಡಿಶಾದವಳು, ತೆಲುಗು ಒಂದರಲ್ಲೇ ಹೋಯಿತು, ಉಳಿದದ್ದೆಲ್ಲ ಪಾಸು, ಸಪ್ಲಿಮೆಂಟರಿಗೆ ಕೂರಿಸುತ್ತೇವೆ. ಇವನನ್ನು ಖಾಸಗಿ ಶಾಲೆಯವರು ಒಂಬತ್ತರ ಕೊನೆಗೆ ಕಳುಹಿಸಿದರು. ಪ್ರತಿ ಸೋಲಿಗೂ ಅವರ ಹತ್ತಿರ ಒಂದು ಮುಖ ಇತ್ತು. ಗಣಿತಕ್ಕೆ ಮೇಷ್ಟ್ರು ಹೋದ ವರ್ಷ ಬಂದಿದ್ದಾರೆ, ಹಿಂದಿ ಹುದ್ದೆ ಖಾಲಿ ಎಂದು ತಾವಾಗಿಯೇ ಹೇಳಿದರು. ಹುಡುಗಿಯರ ಶೌಚಾಲಯಕ್ಕೆ ನೀರು ಬೆಳಗ್ಗೆ ಮಾತ್ರ ಬರುತ್ತದೆ ಎಂಬುದನ್ನೂ. ಇದನ್ನು ಯುಡೈಸ್‌ನಲ್ಲಿ ‘ಇದೆ’ ಎಂದಷ್ಟೇ ಬರೆದಿರುತ್ತಾರೆ.

ಸೇಡಂ, ಗುರುಮಠಕಲ್ ಕಡೆಯ ಮಕ್ಕಳು ಆಗಲೇ ಅಲ್ಲಿ ಕೆಲವರಿದ್ದಾರಂತೆ. ಲಿಂಗಂಪಲ್ಲಿಯಲ್ಲಿ ರೈಲಿಳಿದವರು ಇನ್ನೆಲ್ಲಿಗೆ ಹೋಗುತ್ತಾರೆ! ಕಾಚಿಗುಡದಲ್ಲಿ ನಮ್ಮ ಹಿರಿಯರು ಕಟ್ಟಿದ ನೃಪತುಂಗ ಶಾಲೆ ಇದೆ, ಆದರೆ ಇಲ್ಲಿಂದ ಅಲ್ಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವುದು ಹದಿಮೂರು ವರ್ಷದ ಹುಡುಗಿಗೆ ಆಗುವ ಮಾತಲ್ಲ. ಕನ್ನಡ ಸಂಘದವರು ಯುಗಾದಿಗೆ, ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸಲು ಖರ್ಚು ಮಾಡುವುದು ನನಗೂ ಇಷ್ಟವೇ. ಅದರಲ್ಲಿ ಒಂದು ಪಾಲು ತೆಗೆದು, ಇಂಥ ನಾಲ್ಕು ಹೈಸ್ಕೂಲುಗಳಲ್ಲಿ ಕನ್ನಡದಿಂದ ಬಂದ ಮಕ್ಕಳಿಗೆ ಸಂಜೆ ಒಂದು ಗಂಟೆ ತೆಲುಗು ಹೇಳಿಕೊಡುವವರನ್ನು ಇಟ್ಟರೆ ಯಾರ ಕುಣಿತವೂ ನಿಲ್ಲುವುದಿಲ್ಲ. ಈ ಮಾತನ್ನು ಮುಂದಿನ ಸಭೆಯಲ್ಲಿ ಎತ್ತುವವನಿದ್ದೇನೆ, ಬೆಂಬಲಿಸುವವರು ಬನ್ನಿ.

ಹುಡುಗಿ ಎರಡನೆಯ ಶಾಲೆಗೆ ಸೇರಿದಳು. ಶಾಲೆ ಜೂನ್ 12ಕ್ಕೆ ತೆರೆಯಿತು, ಪುಸ್ತಕ ಸಿಕ್ಕಿವೆ, ಯೂನಿಫಾರಂ ಬರಬೇಕು. ಅವಳು ಹತ್ತನೇ ತರಗತಿ ಬರೆಯುವುದು 2028ರಲ್ಲಿ. ಪಾಸಾದರೂ ಫೇಲಾದರೂ ಅದು ರಂಗಾರೆಡ್ಡಿ ಜಿಲ್ಲೆಯ ಲೆಕ್ಕ, ಕಲಬುರಗಿಯ ಪಟ್ಟಿಯಿಂದ ಅವಳ ಹೆಸರು ಆಗಲೇ ಹೋಗಿದೆ. ಸದ್ಯಕ್ಕೆ ಅವಳ ತಕರಾರು ತೆಲುಗಿನ ‘ಕ’ ಮತ್ತು ‘ತ’ ಕನ್ನಡದವುಗಳ ಹಾಗಿಲ್ಲ ಎಂಬುದು. ಉಳಿದ ಅಕ್ಷರಗಳನ್ನು ಬಸ್ಸಿನ ಬೋರ್ಡು ನೋಡಿಯೇ ಕೂಡಿಸಿಕೊಂಡು ಓದುತ್ತಾಳೆ.